ರಿಕಿಲ್ದಾಳ ಮೂವತ್ತು ಹೆಜ್ಜೆ

ವಿಲಾರ್‌ಸೆಕ್ ಊರಿನಲ್ಲಿ ಹೊಲ ಪಾಲಾಗಬೇಕಾದರೆ, ದ್ರಾಕ್ಷಿತೋಟದ ಎಲ್ಲೆ ಗೊತ್ತುಮಾಡಬೇಕಾದರೆ ಜನ ರಿಕಿಲ್ದಾಳನ್ನು ಕರೆಯುತ್ತಿದ್ದರು. ಆಕೆ ಎತ್ತರದ ಹೆಂಗಸು. ಇಗರ್ಜಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಹೋಗಬೇಕಾದವರು ಊರಿನಲ್ಲಿ ಇಬ್ಬರೇ: ಒಬ್ಬ ಕಮ್ಮಾರ, ಇನ್ನೊಬ್ಬಳು ಈಕೆ. ಆದರೆ ಜನ ಅವಳನ್ನು ಕರೆಯುತ್ತಿದ್ದುದು ಎತ್ತರಕ್ಕಲ್ಲ, ಹೆಜ್ಜೆಗೆ. ಉತ್ತ ನೆಲವಾಗಲಿ, ಕಲ್ಲುದಾರಿಯಾಗಲಿ, ಅವಳ ಹೆಜ್ಜೆಯ ಅಳತೆ ಬದಲಾಗುತ್ತಿರಲಿಲ್ಲ. ಬೆಳಿಗ್ಗೆ ಅಳೆದದ್ದನ್ನು ಸಂಜೆ ಅಳೆದರೂ ಅಷ್ಟೇ ಬರುತ್ತಿತ್ತು. ಅದು ಅಪ್ಪನಿಂದ ಬಂದ ವಿದ್ಯೆ. ಹತ್ತು ವರ್ಷದವಳಿದ್ದಾಗ ಅಪ್ಪ ಅವಳ ಎರಡು ಕಾಲಿನ ನಡುವೆ ಆಡಿನ ಕೂದಲಿನ ಹುರಿ ಕಟ್ಟಿ ಹೊಲದ ತುಂಬ ನಡೆಸಿದ್ದ. ಹುರಿ ಸಡಿಲಾದರೆ ಬೈಗುಳ, ಬಿಗಿಯಾಗಿ ಕಾಲು ಎಳೆದರೆ ಇನ್ನೊಂದು ಬೈಗುಳ. ಬೆಳೆದಂತೆ ಹುರಿಯೂ ಉದ್ದವಾಯಿತು. ಹದಿನೆಂಟಕ್ಕೆ ಅಪ್ಪ ಹುರಿ ಬಿಚ್ಚಿದ. ಅಂದಿನಿಂದ ಆ ಹೆಜ್ಜೆ ಒಂದು ಬೆರಳೂ ಆಚೀಚೆ ಆಗಿರಲಿಲ್ಲ.

ಅವಳ ಗಂಡ ಸುನ್ಯೇರ್ ಸತ್ತು ಮೂರು ವರ್ಷವಾಗಿತ್ತು. ಸತ್ತ ಎನ್ನುವುದಕ್ಕಿಂತ ಸಾಯಿಸಿದರು ಎನ್ನುವುದೇ ಸರಿ. ಆ ವರ್ಷ ಜವೆಗೋಧಿಯನ್ನು ನೆಲದೊಳಗಿನ ಹಗೇವುಗಳಿಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿದ ಮರುದಿನವೇ ಬೆಟ್ಟದ ಮೇಲಿನ ಕೋಟೆಯಿಂದ ಪಾಳೇಗಾರ ಗೊಂಬಾವು ಐದು ಜನ ಸವಾರರೊಂದಿಗೆ ಇಳಿದು ಬಂದ. ಮಣ್ಣು ಒಡೆದರು, ಕಾಳು ಹೇರಿದರು, ಹೇರಲು ಊರವರದೇ ಗಾಡಿ, ಊರವರದೇ ಎತ್ತು. ಸುನ್ಯೇರ್ ತನ್ನ ಎತ್ತಿನ ಕೊಂಬು ಹಿಡಿದುಕೊಂಡು ಬಿಡಲಿಲ್ಲ. ಈಟಿಯ ಹಿಡಿಯಿಂದ ತಲೆಗೆ ಬಿದ್ದ ಏಟಿಗೆ ಒಂಬತ್ತನೆಯ ದಿನ ಪ್ರಾಣ ಬಿಟ್ಟ. ದೂರು ಹೇಳಲು ಹೋಗುವುದೆಲ್ಲಿಗೆ? ಆ ಕಣಿವೆಯಲ್ಲಿ ನ್ಯಾಯಪೀಠದಲ್ಲಿ ಕೂರುತ್ತಿದ್ದವನೂ ಗೊಂಬಾವುವೇ.

ಆ ಚಳಿಗಾಲದಲ್ಲೇ ಊರ ಪಾದ್ರಿ ಮಿರೋ ಬಯಲುಸೀಮೆಯಿಂದ ಒಂದು ಸುದ್ದಿ ತಂದ. ಬಿಷಪ್ಪರೆಲ್ಲ ಒಂದೆಡೆ ಕೂಡಿ ಕಟ್ಟಳೆ ಮಾಡಿದ್ದಾರಂತೆ. ಪ್ರತಿಷ್ಠೆಯಾದ ಇಗರ್ಜಿಯ ಗೋಡೆಯಿಂದ ಸುತ್ತ ಮೂವತ್ತು ಹೆಜ್ಜೆ ನೆಲ ಸಂತನ ನೆಲ. ಅಲ್ಲಿ ಆಯುಧ ಎತ್ತುವಂತಿಲ್ಲ, ಕಾಳು ಮುಟ್ಟುವಂತಿಲ್ಲ, ಮನುಷ್ಯರ ಮೇಲೆ ಕೈ ಮಾಡುವಂತಿಲ್ಲ. ಮಾಡಿದವನಿಗೆ ಬಹಿಷ್ಕಾರ: ಅವನಿಗೆ ಪೂಜೆಯಿಲ್ಲ, ಸತ್ತರೆ ಗಂಟೆಯಿಲ್ಲ, ಹೂಳಲು ಮಣ್ಣಿಲ್ಲ. ಆದರೆ ಊರಿನ ಇಗರ್ಜಿಯೋ ಮಣ್ಣಿನ ಗೋಡೆಯ ಮೇಲೆ ಹುಲ್ಲು ಹೊದಿಸಿದ್ದು. ಅದಕ್ಕೆ ಯಾವ ಬಿಷಪ್ಪರೂ ಪ್ರತಿಷ್ಠೆ ಮಾಡುವುದಿಲ್ಲ.

ಹಾಗಾಗಿ ವಿಲಾರ್‌ಸೆಕ್‌ನ ಜನ ಕಲ್ಲು ಹೊತ್ತರು. ಉತ್ತು ಬಂದವರು ಊಟಕ್ಕೆ ಮೊದಲು ಹೊಳೆಯಿಂದ ಒಂದೊಂದು ಕಲ್ಲು ತರಬೇಕೆಂದು ಮಾಡಿಕೊಂಡರು. ಬಸುರಿಯರೂ ಮಡಿಲಲ್ಲಿ ಜಲ್ಲಿ ತಂದರು. ರಿಕಿಲ್ದಾ ಮೂರು ವರ್ಷದಲ್ಲಿ ಎಷ್ಟು ಹೊತ್ತಳೋ ಲೆಕ್ಕ ಇಡಲಿಲ್ಲ; ಅವಳ ಬಲಗೈ ಹೆಗಲಿನಿಂದ ಮೇಲೆ ಏಳದಂತಾಗಿತ್ತು ಅಷ್ಟೇ. ಮೂರನೆಯ ಸುಗ್ಗಿಯ ಹೊತ್ತಿಗೆ ಕಲ್ಲಿನ ಕಮಾನಿನ ಇಗರ್ಜಿ ಎದ್ದು ನಿಂತಿತು. ಕಣಿವೆಯ ಯಾವ ಊರಲ್ಲೂ ಅಂಥದು ಇರಲಿಲ್ಲ.

ಪ್ರತಿಷ್ಠೆಯ ದಿನ ಬಿಷಪ್ಪರು ಹೇಸರಗತ್ತೆಯ ಮೇಲೆ ಬಂದರು. ಮುದುಕರು, ಕೀಲುನೋವಿನವರು, ಎರಡು ಮಾತಿಗೊಮ್ಮೆ ಹೆಗಲಚೀಲದಿಂದ ಒಣ ಅಂಜೂರ ತೆಗೆದು ಬಾಯಿಗೆ ಹಾಕಿಕೊಳ್ಳುವವರು. ಜೊತೆಗೆ ಒಬ್ಬ ಬರಹಗಾರ ಸನ್ಯಾಸಿ, ಅವನ ತೊಡೆಯ ಮೇಲೆ ಕೆಂಪು ರೇಷ್ಮೆ ಸುತ್ತಿದ ಒಂದು ಪೆಟ್ಟಿಗೆ. ಅದರಲ್ಲಿತ್ತು ಇಗರ್ಜಿಯ ಸಂತ ಇಸ್ಕ್ಲನ ಬೆರಳಿನ ಅಸ್ಥಿ. ಊರವರು ಅದನ್ನು ಪೂಜೆಯ ಕಲ್ಲಿನ ಮೇಲಿಡುವುದನ್ನು ಕಣ್ತುಂಬ ನೋಡಿದರು. ಅಷ್ಟರಲ್ಲಿ ಗೊಂಬಾವುವೂ ಸವಾರರೊಂದಿಗೆ ಬಂದ. ಇಗರ್ಜಿಗೆ ಬರುವವನನ್ನು ತಡೆಯುವವರುಂಟೇ?

ಎಲ್ಲೆ ಗುರುತಿಸುವ ಸಮಯ ಬಂದಾಗ ಅವನೇ ಮೊದಲು ಬಾಯಿ ತೆಗೆದ.

"ಮೂವತ್ತು ಹೆಜ್ಜೆ ಅಂತ ಕಟ್ಟಳೆ ಇದೆ, ನಾನು ಬ್ಯಾಡ ಅನ್ನಲ್ಲ. ಆದ್ರೆ ಇಗರ್ಜಿ ಜಾಗ ಅಂದ್ಮೇಲೆ ಇಗರ್ಜಿ ಪಾದ್ರಿನೇ ನಡೀಬೇಕು. ಏನಂತೀರಿ ಬಿಷಪ್ಪರೇ?"

ಊರವರಿಗೆಲ್ಲ ಒಳಗುಟ್ಟು ಆ ಕ್ಷಣವೇ ತಿಳಿಯಿತು. ಪಾದ್ರಿ ಮಿರೋ ಗಿಡ್ಡ ಮನುಷ್ಯ, ಸಾಲದ್ದಕ್ಕೆ ಎಡಗಾಲು ಕುಂಟು. ಅವನ ಮೂವತ್ತು ಹೆಜ್ಜೆ ಬೇರೆಯವರ ಹದಿನೆಂಟಕ್ಕೆ ಸಮ. ಊರಿನ ಹಗೇವುಗಳೆಲ್ಲ ಇದ್ದುದು ಇಗರ್ಜಿಯ ಮೂಡಲಿಗೆ, ಇಪ್ಪತ್ತೈದು ಹೆಜ್ಜೆಯಾಚೆ. ಪಾದ್ರಿ ನಡೆದರೆ ಸಂತನಿಗೆ ಬರಿಯ ಗೋರಿಗಳ ಜಾಗ, ಗೊಂಬಾವುಗೆ ಕಾಳು.

"ಪಾದ್ರಿಗಳು ಮೂವತ್ತು ಹೆಜ್ಜೆ ಮುಗಿಸೋ ಹೊತ್ಗೆ ಇನ್ನೊಂದು ಬೆಳೆ ಕೊಯ್ಲಿಗೆ ಬರ್ತದೆ," ಅಂದಳು ಬೊನದೋನ. ಅವಳು ರಿಕಿಲ್ದಾಳ ಅತ್ತೆ. ಹಲ್ಲು ಹೋಗಿದ್ದರೂ ನಾಲಿಗೆ ಮೊಂಡಾಗಿರಲಿಲ್ಲ. ಜನ ನಕ್ಕರು. ಮಿರೋ ಕೂಡ ನೆಲ ನೋಡಿಕೊಂಡು ನಕ್ಕ.

ರಿಕಿಲ್ದಾ ಮುಂದೆ ಬಂದು ಬಿಷಪ್ಪರಿಗೆ ಮಂಡಿಯೂರಿದಳು. "ಬುದ್ಧೀ, ಒಂದು ಮಾತು ಕೇಳ್ಬೌದಾ?"

"ಕೇಳಮ್ಮ."

"ಹೋದ ವರ್ಷ ಹೊಳೆದಂಡೆ ದ್ರಾಕ್ಷಿತೋಟ ಈ ದಣಿಗೂ ಅವರ ತಮ್ಮಂಗೂ ಪಾಲಾಯ್ತು. ಅದನ್ನ ಅಳೆದೋರು ಯಾರು ಅಂತ ದಣಿನೇ ಹೇಳ್ಲಿ."

ಗೊಂಬಾವು ಮೀಸೆ ಸವರಿಕೊಂಡ.

"ಯಾರು ಅಳೆದರು?" ಬಿಷಪ್ಪರು ಕೇಳಿದರು.

"ಇವ್ಳೇ, ಈ ಕೊಕ್ಕರೆ," ಅಂದ ಅವನು. "ಅದು ತೋಟ. ಇದು ಬೇರೆ."

"ಆವತ್ತು ಅಳತೆ ಒಪ್ಪಿದೆಯೋ ಇಲ್ಲವೋ?"

"ಒಪ್ಪಿದ್ದೆ."

"ನಿನ್ನ ತಮ್ಮ?"

"ಅವನೂ ಒಪ್ಪಿದ."

ಬಿಷಪ್ಪರು ಒಂದು ಅಂಜೂರವನ್ನು ನಿಧಾನವಾಗಿ ಅಗಿದರು. ಅವರೂ ದೊಡ್ಡ ಮನೆತನದವರೇ; ಗೊಂಬಾವುವಿನಂಥ ಪಾಳೇಗಾರರ ನಡುವೆಯೇ ಬೆಳೆದವರು. ಆದರೆ ಸಂತನ ನೆಲದೊಳಗಿನ ಹಗೇವಿನಿಂದ ಹತ್ತರಲ್ಲೊಂದು ಪಾಲು ತಮಗೆ ಬರುತ್ತದೆ, ಕೋಟೆಗೆ ಹೋದ ರಾಶಿಯಿಂದ ಒಂದು ಕಾಳೂ ಬರುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. "ತಮ್ಮನ ಜೊತೆಗಿನ ಪಾಲಿಗೆ ಆಗುವ ಹೆಜ್ಜೆ ದೇವರ ಪಾಲಿಗೂ ಆಗಬೇಕು," ಎಂದರು. "ನಡೆಯಮ್ಮ. ಆದರೆ ಮೊದಲು ಪೂಜೆಯ ಕಲ್ಲು ಮುಟ್ಟಿ ಆಣೆ ಮಾಡು."

ಅವಳು ಕಲ್ಲು ಮುಟ್ಟಿದಳು. "ನನ್ನ ಹೆಜ್ಜೆ ಹಿಗ್ಸೋಲ್ಲ, ಕುಗ್ಸೋಲ್ಲ. ಊರಿಗೆ ಅಂತಾನೂ ಇಲ್ಲ, ಕೋಟೆಗೆ ಅಂತಾನೂ ಇಲ್ಲ."

ಹೊರಗೆ ಬರುವಾಗ ಬೊನದೋನ ಸೊಸೆಯ ಸೆರಗು ಹಿಡಿದೆಳೆದಳು. "ಪಡುವಣಕ್ಕೆ ಮೊದ್ಲು ಅಳೀತೀಯಲ್ಲ, ನಮ್ಮನೆ ಬಾಗ್ಲು ಮೂವತ್ತೆರಡಕ್ಕೆ ಬೀಳ್ತದೆ. ನಾನು ಎಣಿಸಿ ನೋಡಿದೀನಿ. ಹೆಜ್ಜೆ ಒಂಚೂರು ಎಳೆದು ಹಾಕೇ."

"ಅಲ್ಲಿ ಎಳೆದ್ರೆ ಮೂಡಲಲ್ಲಿ ನನ್ನನ್ನ ನಂಬೋರು ಯಾರು ಅತ್ತೆ?"

"ಮನೆ ಹೊರಗೆ ಉಳೀತದಲ್ಲೇ ಹುಡುಗಿ."

"ಉಳೀಲಿ."

ಪಶ್ಚಿಮದ ಬಾಗಿಲ ಹೊಸ್ತಿಲಿಗೆ ಹಿಮ್ಮಡಿ ಕೊಟ್ಟು ಅವಳು ಹೊರಟಳು. ಊರೆಲ್ಲ ಗಟ್ಟಿಯಾಗಿ ಎಣಿಸಿತು. ಮೂವತ್ತು ಎಂದಾಗ ಅವಳ ಮನೆಯ ಬಾಗಿಲು ಇನ್ನೂ ಎರಡು ಹೆಜ್ಜೆ ಮುಂದಿತ್ತು. ಕಮ್ಮಾರ ಅಲ್ಲೊಂದು ಗೂಟ ಹೊಡೆದ. ಗೂಟದ ಆಚೆ ತನ್ನ ಮನೆ, ಈಚೆ ಸಂತನ ನೆಲ. ಅವಳು ಮನೆಯ ಕಡೆ ಒಮ್ಮೆಯೂ ನೋಡದೆ ತಿರುಗಿದಳು. ತೆಂಕಣಕ್ಕೆ ನಡೆದಳು, ಬಡಗಣದ ಕಲ್ಲಿನ ಏರಿನಲ್ಲೂ ನಡೆದಳು. ಏರಿನಲ್ಲಿ ಎಂಥವರ ಹೆಜ್ಜೆಯೂ ಚಿಕ್ಕದಾಗುತ್ತದೆ. ಅವಳದು ಆಗಲಿಲ್ಲ, ಉಸಿರು ಮಾತ್ರ ದೊಡ್ಡದಾಯಿತು.

ಕೊನೆಗೆ ಮೂಡಲು. ಗೋಡೆಗೆ ಹಿಮ್ಮಡಿ ಕೊಟ್ಟು ಹೊರಟು ಹತ್ತೊಂಬತ್ತನೆಯ ಹೆಜ್ಜೆ ಇಟ್ಟಿದ್ದಳು, ಗೊಂಬಾವು ತನ್ನ ಕಪ್ಪು ಕುದುರೆಯನ್ನು ಅಡ್ಡ ತಂದು ನಿಲ್ಲಿಸಿದ. ಕುದುರೆಯ ಹೊಟ್ಟೆ ಅವಳ ಎದೆಗೆ ತಾಗುವಷ್ಟು ಹತ್ತಿರ. ಅವನ ಹಿಂದೆ ಐವರು ಸವಾರರೂ ಸಾಲಾಗಿ ನಿಂತರು.

"ಏನಮ್ಮ, ನಿಂತ್ಬಿಟ್ಟೆ? ಸುತ್ತು ಹಾಕ್ಕೊಂಡು ಹೋಗು."

"ಸುತ್ತು ಹಾಕಿದ್ರೆ ಎಣಿಕೆ ಕೆಡ್ತದೆ ದಣಿ."

"ಹಂಗಾದ್ರೆ ಹಿಂದಕ್ಕೆ ಹೋಗು."

"ಹಿಂದಕ್ಕೆ ಹೋದ್ರೆ ಹತ್ತೊಂಬತ್ತಕ್ಕೇ ಎಲ್ಲೆ ಅಂತೀರಿ."

"ಮತ್ತೇನ್ಮಾಡ್ತೀಯ?"

"ನಿಂತ್ಕೊಳ್ತೀನಿ."

ಅವಳು ನಿಂತಳು. ಬಲಗಾಲು ಮುಂದೆ, ಎಡಗಾಲು ಹಿಂದೆ. ಕಾಲು ಕದಲಿದರೆ ಎಲ್ಲ ಮುಗಿದಂತೆ. ಬಿಸಿಲು ನೆತ್ತಿಗೇರಿತು. ಕುದುರೆ ಬಾಲ ಬೀಸಿದಾಗ ಅವಳ ಮುಖಕ್ಕೆ ಬಡಿಯುತ್ತಿತ್ತು, ನೊಣಗಳು ಕಣ್ಣಿನ ಅಂಚಿಗೆ ಕೂರುತ್ತಿದ್ದವು. ಬೊನದೋನ ನೀರು ತಂದು ಕುಡಿಸಿ, ಸೊಸೆಯ ತಲೆಗೆ ಒದ್ದೆ ಬಟ್ಟೆ ಹಾಕಿ, ಪಾಳೇಗಾರನ ಕಡೆ ತಿರುಗದೆ ಕುದುರೆಗೆ ಮಾತ್ರ ಹೇಳಿದಳು: "ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ ಕಣಪ್ಪ. ಯಾರನ್ನ ಹೊರಬೇಕು ಅನ್ನೋದು ನಿನ್ನ ಕೈಲಿಲ್ಲ."

ಕಮ್ಮಾರ ಗೂಟ ಹೊಡೆಯುವ ಸುತ್ತಿಗೆ ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಬಂದ. ಅವನ ಹಿಂದೆ ಇನ್ನೂ ನಾಲ್ಕೈದು ಜನ. ರಿಕಿಲ್ದಾ ತಲೆ ಮಾತ್ರ ತಿರುಗಿಸಿದಳು.

"ಇಳಿಸು ತಮ್ಮಾ. ನಾವು ಒಂದು ಏಟು ಹಾಕ್ಲಿ ಅಂತಾನೇ ಅವರು ಕಾಯ್ತಿರೋದು. ಸಂತನ ನೆಲ ನಾವೇ ಮೈಲಿಗೆ ಮಾಡಿದ್ವಿ ಅಂತ ಆಗ್ತದೆ."

ಕಮ್ಮಾರ ಸುತ್ತಿಗೆ ನೆಲಕ್ಕಿಟ್ಟ.

ಬಿಷಪ್ಪರು ಆಕ್ರೋಟದ ಮರದ ನೆರಳಲ್ಲಿ ಕೂತಿದ್ದರು. ಪಾಳೇಗಾರನನ್ನು ಎಲ್ಲರೆದುರು ಗದರಿಸಿದರೆ ಅವನು ನಾಳೆ ತಮ್ಮ ಹಳ್ಳಿಗಳ ಮೇಲೇ ಬೀಳಬಹುದು. ಸುಮ್ಮನಿದ್ದರೆ ಕಟ್ಟಳೆಗೆ ಬೆಲೆಯಿಲ್ಲ. ಚೀಲದ ಅಂಜೂರ ಖಾಲಿಯಾಗುತ್ತ ಬಂತು.

ಆ ಊರಲ್ಲಿ ಯಾವತ್ತೂ ದನಿಯೆತ್ತದ ಮನುಷ್ಯನೆಂದರೆ ಪಾದ್ರಿ ಮಿರೋ. ಸುನ್ಯೇರ್ ಸತ್ತ ವರ್ಷ ಕೋಟೆಯವರು ಕಾಳು ಒಯ್ಯುವಾಗ ಅವನು ಇಗರ್ಜಿಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದ. ಆಮೇಲೆ ಮೂರು ವರ್ಷ ರಿಕಿಲ್ದಾಳ ಮುಖ ನೋಡಿ ಮಾತಾಡಿರಲಿಲ್ಲ. ಈಗ ಅವನು ಮರದಡಿಗೆ ಹೋಗಿ ಬಿಷಪ್ಪರ ಮುಂದೆ ನಿಂತ.

"ಸಂತರ ಪ್ರದಕ್ಷಿಣೆ ಇನ್ನೂ ಬಾಕಿ ಇದೆ ಬುದ್ಧೀ. ಅಸ್ಥಿನ ಪೂಜೆ ಕಲ್ಲಿನೊಳಗೆ ಇಡೋಕೆ ಮುಂಚೆ ಇಗರ್ಜಿ ಸುತ್ತ ಹೊತ್ತು ಬರಬೇಕಲ್ವಾ?"

"ಬರಬೇಕು."

"ಗೋಡೆ ಪಕ್ಕದಲ್ಲೇ ಸುತ್ತಬೇಕು ಅಂತೇನಾದ್ರೂ ಇದೆಯಾ?"

ಬಿಷಪ್ಪರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕೈಯ ಪುಡಿ ಕೊಡವಿಕೊಂಡು, ಮಂಡಿ ಹಿಡಿದು ಎದ್ದರು. "ಎಷ್ಟು ದೂರದಲ್ಲಿ ಸುತ್ತಬೇಕು ಅಂತ ಎಲ್ಲೂ ಬರೆದಿಲ್ಲ," ಎಂದರು.

ಮಿರೋ ಒಳಗೆ ಹೋದ. ಹೊರಬರುವಾಗ ಕೆಂಪು ರೇಷ್ಮೆಯ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎದೆಗಾನಿಸಿಕೊಂಡಿದ್ದ. ಕುಂಟುತ್ತ, ಒಂದೊಂದಾಗಿ ಹೆಜ್ಜೆ ಇಡುತ್ತ ಅವನು ನೇರವಾಗಿ ಮೂಡಲಿಗೆ ಬಂದ. ಹಿಂದೆ ಬಿಷಪ್ಪರು ಕೋಲೂರಿಕೊಂಡು ಸ್ತೋತ್ರ ಹೇಳುತ್ತ ಬಂದರು. ದಾರಿಯುದ್ದಕ್ಕೂ ಜನ ಮಂಡಿಯೂರಿದರು. ನಿಂತವಳು ರಿಕಿಲ್ದಾ ಒಬ್ಬಳೇ. ಮಿರೋ ಅವಳ ಪಕ್ಕ ಬಂದು ನಿಂತು, "ನೀನು ಕದಲಬ್ಯಾಡಮ್ಮ, ಮಂಡಿಯೂರದಿದ್ರೂ ಸಂತರಿಗೆ ಅರ್ಥ ಆಗ್ತದೆ," ಅಂದ. ಆಮೇಲೆ ಕುದುರೆಯ ಮೇಲಿದ್ದವನ ಕಡೆ ಮುಖವೆತ್ತಿದ.

"ದಣೀ, ಸಂತರು ಬಂದಿದ್ದಾರೆ."

ಅಷ್ಟೇ ಹೇಳಿದ. ಅಷ್ಟೇ ಸಾಕಾಗಿತ್ತು. ಗೊಂಬಾವುವಿನ ಅಪ್ಪ ಬಹಿಷ್ಕಾರದಲ್ಲಿದ್ದಾಗಲೇ ಸತ್ತಿದ್ದ. ಯಾವ ಪಾದ್ರಿಯೂ ಮಣ್ಣು ಮಾಡಲು ಬರದೆ, ಆ ಹೆಣ ಟೊಳ್ಳು ಮರದ ದಿಮ್ಮಿಯಲ್ಲಿ ಕೋಟೆಯ ಹಿಂದಿನ ಕೊಟ್ಟಿಗೆಯಲ್ಲಿ ಏಳು ತಿಂಗಳು ಬಿದ್ದಿತ್ತು. ಬೇಸಿಗೆಯಲ್ಲಿ ಕೋಟೆಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ್ದು ಇಡೀ ಕಣಿವೆಗೆ ಗೊತ್ತಿತ್ತು. ಆ ಸವಾರರಿಗೂ ಗೊತ್ತಿತ್ತು, ಅವರಲ್ಲಿ ಇಬ್ಬರು ಆ ದಿಮ್ಮಿ ಹೊತ್ತವರೇ.

ಮೊದಲು ಇಳಿದದ್ದು ನೆರೆಗೂದಲಿನ ಒಬ್ಬ ಸವಾರ. ಕತ್ತಿಯ ಪಟ್ಟಿ ಬಿಚ್ಚಿ ನೆಲಕ್ಕಿಟ್ಟು ಮಂಡಿಯೂರಿದ. ಅವನ ಹಿಂದೆ ಉಳಿದ ನಾಲ್ವರೂ ಇಳಿದರು. ಗೊಂಬಾವು ಹಿಂತಿರುಗಿ ನೋಡಿದ. ಕುದುರೆಯ ಮೇಲೆ ಉಳಿದವನು ತಾನೊಬ್ಬನೇ. ಮಿರೋ ಪೆಟ್ಟಿಗೆ ಇಳಿಸದೆ ಹಾಗೇ ನಿಂತಿದ್ದ. ಕೊನೆಗೆ ಪಾಳೇಗಾರ ಇಳಿದ. ಲಗಾಮು ಕೈಬಿಟ್ಟು, ತಲೆಯ ಟೋಪಿ ತೆಗೆದು, ಮಣ್ಣಿನ ಮೇಲೆ ಮಂಡಿಯೂರಿದ. ಹಿಡಿಯುವವರಿಲ್ಲದ ಕುದುರೆ ಎರಡು ಸಲ ತಲೆ ಕೊಡವಿ, ಹುಲ್ಲು ಕಂಡ ಕಡೆಗೆ ಹೋಯಿತು.

ರಿಕಿಲ್ದಾಳ ಎದುರು ದಾರಿ ತೆರೆಯಿತು. ಅವಳ ಕಾಲುಗಳು ಮರಗಟ್ಟಿದ್ದವು. ಹಿಂದಿನ ಕಾಲನ್ನು ಎತ್ತಿದಾಗ ನೋವಿಗೆ ಕಣ್ಣು ಕತ್ತಲಿಟ್ಟಿತು. ಇಪ್ಪತ್ತು. ಎಣಿಸಿದವಳು ಬೊನದೋನ ಒಬ್ಬಳೇ. ಆಮೇಲೆ ಮಂಡಿಯೂರಿದ್ದ ಜನವೆಲ್ಲ ಎದ್ದು ದನಿಗೂಡಿಸಿದರು. ಇಪ್ಪತ್ತಾರಕ್ಕೆ ಮೊದಲ ಹಗೇವು, ಇಪ್ಪತ್ತೇಳಕ್ಕೆ ಸುನ್ಯೇರ್ ಬಿದ್ದಿದ್ದ ಜಾಗ. ಅಲ್ಲಿ ಅವಳು ನಿಲ್ಲಲಿಲ್ಲ. ನಿಂತಿದ್ದರೆ ಮುಂದೆ ನಡೆಯಲಾಗುತ್ತಿರಲಿಲ್ಲವೇನೋ. ಮೂವತ್ತನೆಯ ಹೆಜ್ಜೆ ಹಗೇವುಗಳನ್ನೆಲ್ಲ ದಾಟಿ, ಕಣದ ಅಂಚಿನಲ್ಲಿ ಬಿತ್ತು. ಕಮ್ಮಾರ ಅಲ್ಲೂ ಗೂಟ ಹೊಡೆದ.

ಗೊಂಬಾವು ಮೊಣಕಾಲಿನ ಮಣ್ಣು ಒರೆಸಿಕೊಂಡು ಎದ್ದಿದ್ದ. "ಹೆಜ್ಜೆ ಹಿಗ್ಸಿದಾಳೆ," ಅಂದ. "ಪಡುವಣದಲ್ಲಿ ನಡೆದದ್ದೇ ಬೇರೆ, ಇಲ್ಲಿ ನಡೆದದ್ದೇ ಬೇರೆ. ನನ್ನ ಕಣ್ಣಾರೆ ಕಂಡೆ."

"ಹಾಗಾದರೆ ಹಗ್ಗ ಹಿಡಿಯೋಣ," ಎಂದರು ಬಿಷಪ್ಪರು.

ಬರಹಗಾರ ಸನ್ಯಾಸಿ ಬಾವಿಯ ಹಗ್ಗ ತಂದ. ಪಡುವಣದ ಗೂಟದಿಂದ ಹೊಸ್ತಿಲವರೆಗೆ ಎಳೆದು ಗಂಟು ಹಾಕಿದ. ಅದೇ ಹಗ್ಗವನ್ನು ಮೂಡಲಿಗೆ ತಂದು ಗೋಡೆಗಿಟ್ಟು ಎಳೆದಾಗ ಗಂಟು ಮೂಡಲ ಗೂಟದಿಂದ ಮೂರು ಬೆರಳು ಆಚೆ ಬಂತು. ಅಂದರೆ ಹಗೇವಿನ ಕಡೆ ಅವಳು ಹೆಚ್ಚು ನಡೆದಿರಲಿಲ್ಲ. ಮೂರು ಬೆರಳು ಕಡಿಮೆಯೇ ನಡೆದಿದ್ದಳು.

"ಕಾಲು ಮರಗಟ್ಟಿತ್ತು ಬುದ್ಧೀ," ಅಂದಳು ರಿಕಿಲ್ದಾ. ಆ ಮೂರು ಬೆರಳು ಅವಳಿಗೆ ನಿಜಕ್ಕೂ ನಾಚಿಕೆ ತಂದಿತ್ತು.

ಬಿಷಪ್ಪರು ಮೊದಲ ಸಲ ನಕ್ಕರು. "ಬರೆದುಕೋ," ಎಂದರು ಸನ್ಯಾಸಿಗೆ.

ಗೊಂಬಾವು ಹಗ್ಗವನ್ನೇ ನೋಡುತ್ತ ನಿಂತಿದ್ದ. ಆಮೇಲೆ ಅವಳತ್ತ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ನನ್ನ ತೋಟನೂ ಹಿಂಗೇ ಅಳೆದಿದ್ದಾ?"

"ಅಲ್ಲೂ ಇದೇ ಹೆಜ್ಜೆ ದಣಿ. ಗಂಡನ್ನ ಕೊಂದೋರ ತೋಟ ಅಂತ ಬೇರೆ ಹೆಜ್ಜೆ ಇಡ್ಲಿಲ್ಲ."

ಅವನು ಕುದುರೆ ಹತ್ತಿ ಹೊರಟುಹೋದ. ಊಟಕ್ಕೆ ನಿಲ್ಲಲಿಲ್ಲ.

ಸನ್ಯಾಸಿ ಚರ್ಮದ ಹಾಳೆಯನ್ನು ತೊಡೆಯ ಮೇಲೆ ಹರಡಿ ಬರೆಯತೊಡಗಿದ. ಸಾಕ್ಷಿಗಳಲ್ಲಿ ಬಿಷಪ್ಪರು, ಪಾದ್ರಿ, ಊರಿನ ಹನ್ನೆರಡು ಜನ ಗಂಡಸರು. ಆಮೇಲೆ ಅವನು ತಲೆಯೆತ್ತಿ ಅವಳ ಹೆಸರು ಕೇಳಿದ. ಹೇಳಿದಳು. ಗಂಡನ ಹೆಸರು ಕೇಳಿದ.

"ಸುನ್ಯೇರ್. ಹಗೇವಿನ ಹತ್ರ ಬಿದ್ದೋನು. ಅದನ್ನೂ ಬರೀರಿ."

"ಅಷ್ಟಕ್ಕೆಲ್ಲ ಜಾಗ ಇಲ್ಲಮ್ಮ."

"ಸಣ್ಣಕ್ಕೆ ಬರೀರಿ."

ಅವನು ಹಾಳೆಯ ಅಂಚು ನೋಡಿದ, ಬಿಷಪ್ಪರ ಕಡೆ ನೋಡಿದ, ಅವರು ತಲೆಯಾಡಿಸಿದರು. ಸಣ್ಣ ಅಕ್ಷರದಲ್ಲಿ ಬರೆದು ಅವಳಿಗೆ ಓದಿ ಹೇಳಿದ: 'ಈ ನೆಲದಲ್ಲಿ ಕೊಲೆಯಾದ ಸುನ್ಯೇರನ ಹೆಂಡತಿ ರಿಕಿಲ್ದಾ, ಇದನ್ನು ನಡೆದವಳು.' ಅವಳು ಲೇಖನಿ ಹಿಡಿದು, ಉಳುವಾಗ ಮೇಣಿ ಹಿಡಿಯುವಷ್ಟೇ ಗಟ್ಟಿಯಾಗಿ, ಹೆಸರಿನ ಪಕ್ಕ ಶಿಲುಬೆಯ ಗುರುತು ಎಳೆದಳು. ಹಾಳೆ ಸ್ವಲ್ಪ ಹರಿಯಿತು.

ಬಿಷಪ್ಪರು ಆ ವರ್ಷದ ಹತ್ತನೆಯ ಪಾಲನ್ನು ಒಂದು ಹಿಡಿಯೂ ಬಿಡದೆ ಅಳೆಸಿಕೊಂಡೇ ಹೋದರು. "ಇವರದೂ ಹೊಟ್ಟೆನೇ," ಅಂತ ಬೊನದೋನ ಗೊಣಗಿದಳು, "ಆದ್ರೆ ಕೇಳಿ ತಿಂತಾರೆ, ಹತ್ರಲ್ಲಿ ಒಂಬತ್ತು ಬಿಟ್ಟು ತಿಂತಾರೆ." ನಾಲ್ಕು ಗೂಟಗಳ ಜಾಗದಲ್ಲಿ ಕಮ್ಮಾರ, ಕಲ್ಲುಕುಟಿಗ ಸೇರಿ ನಾಲ್ಕು ಕಲ್ಲಿನ ಶಿಲುಬೆ ನೆಟ್ಟರು. ವಸಂತ ಬರುತ್ತಲೇ ಊರವರು ಯಾರೂ ಕರೆಯದೆ ರಿಕಿಲ್ದಾಳ ಮನೆಯ ಮುಂದೆ ಸೇರಿದರು. ಗೋಡೆ ಬಿಚ್ಚಿ, ಕಲ್ಲು ಹೊತ್ತು, ಶಿಲುಬೆಯ ಈಚೆ ತಂದು ಮತ್ತೆ ಕಟ್ಟಿದರು. ಬಾಗಿಲ ಮೇಲಿನ ತೊಲೆಯನ್ನು ಹೊತ್ತು ತಂದವನು ಮಿರೋ. ಕುಂಟುಕಾಲಿನವನು ಬೇಡವೆಂದರೂ ಕೇಳಲಿಲ್ಲ. ಅದನ್ನು ಇಳಿಸಿ ಬೆವರೊರೆಸಿಕೊಂಡು, "ಎತ್ತರಕ್ಕೇ ಇಡಿ," ಅಂದ, "ಸ್ವಂತ ಮನೇಲಾದ್ರೂ ಈಯಮ್ಮ ತಲೆ ಬಗ್ಗಿಸೋದು ಬ್ಯಾಡ."

ಆ ಸುಗ್ಗಿಯಲ್ಲಿ ಕೋಟೆಯಿಂದ ಗೊಂಬಾವುವೂ ಸವಾರರೂ ಮತ್ತೆ ಇಳಿದು ಬಂದರು. ಆರು ಕುದುರೆಗಳ ಧೂಳು ಹೊಳೆಯಾಚೆ ಎದ್ದಾಗಲೇ ಇಗರ್ಜಿಯ ಗಂಟೆ ಮೊಳಗಿತು. ಹೊಲದಲ್ಲಿದ್ದವರು ದನಕರು ಹೊಡೆದುಕೊಂಡು ಒಳಗೆ ಬಂದರು. ಸವಾರರು ಮೂಡಲ ಶಿಲುಬೆಯವರೆಗೆ ನಾಗಾಲೋಟದಲ್ಲಿ ಬಂದರು, ಅಲ್ಲಿ ಲಗಾಮು ಎಳೆದರು. ಕುದುರೆಗಳು ಕಲ್ಲನ್ನು ಮೂಸಿದವು. ಒಳಗೆ ರಿಕಿಲ್ದಾ ಮತ್ತು ನಾಲ್ವರು ಹೆಂಗಸರು ಹಗೇವಿನ ಬಾಯಿಗೆ ಮಣ್ಣು ಮೆತ್ತುತ್ತಿದ್ದರು, ಕೈ ನಿಲ್ಲಿಸಲಿಲ್ಲ. ಮೆತ್ತಿ ಮುಗಿದ ಹಗೇವಿನ ಮೇಲೆ ಬೊನದೋನ ಒಂದು ಗೋಣಿ ಹಾಸಿಕೊಂಡು, ಮಡಿಲ ತುಂಬ ಬಟಾಣಿಕಾಯಿ ಇಟ್ಟುಕೊಂಡು, ಆ ಆರೂ ಜನರ ಮುಖ ಒಂದೊಂದಾಗಿ ನೋಡುತ್ತ, ನಿಧಾನವಾಗಿ ಕಾಳು ಸುಲಿಯುತ್ತಿದ್ದಳು.